ಬೆಟ್ಟದೂರುಗಳಿಗೆ ಒಂದು ರಾತ್ರಿಯನ್ನಾದರೂ ಕೊಡಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇಟಲಿಯ ಬೆಟ್ಟದೂರುಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಫ್ಲಾರೆನ್ಸಿನಲ್ಲಿ ತಂಗಿದ್ದುಕೊಂಡು, ಗೈಡ್ ಸಮೇತವಾದ ಒಂದು ದಿನದ ಬಸ್ ಪ್ರವಾಸದಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೊ, ಪೀಸಾ ಮೂರನ್ನೂ ನೋಡಿ ಮುಗಿಸಬಹುದು, ಭಾಷೆ ಬಾರದವರಿಗೆ ಅದೇ ಸುಲಭ ಎಂದು ಲೇಖಕರು ಸಲಹೆ ನೀಡಿದ್ದಾರೆ. ನಾನೂ ನನ್ನ ಪತ್ನಿಯೂ ಆ ಬಗೆಯ ಪ್ರವಾಸವನ್ನು ಒಮ್ಮೆ ಮಾಡಿದ್ದೇವೆ. ಎರಡು ವರ್ಷಗಳ ನಂತರ ಅದೇ ಊರುಗಳಿಗೆ ನಮ್ಮ ಪಾಡಿಗೆ ನಾವೇ ರೈಲು, ಬಸ್ಸು ಹಿಡಿದು ಹೋಗಿ, ರಾತ್ರಿ ತಂಗಿಯೂ ಬಂದಿದ್ದೇವೆ. ಎರಡನ್ನೂ ಕಂಡವನಾಗಿ, ಆ ಸಲಹೆಯನ್ನು ಓದಿ ಹೊರಡಲಿರುವವರಿಗೆ ಕೆಲವು ಸಂಗತಿಗಳನ್ನು ತಿಳಿಸಬೇಕೆನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ಪ್ರವಾಸ ಹೇಗಿತ್ತೆಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೆಳಿಗ್ಗೆ ಎಂಟು ಗಂಟೆಗೆ ಹೊರಟ ಬಸ್ಸು ಫ್ಲಾರೆನ್ಸಿಗೆ ಮರಳಿದಾಗ ರಾತ್ರಿ ಎಂಟು ಗಂಟೆಯಾಗಿತ್ತು. ಫ್ಲಾರೆನ್ಸಿನಿಂದ ಸಿಯೆನಾಗೆ 70 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಂದ ಸಾನ್ ಜಿಮಿನ್ಯಾನೊಗೆ 40ರಷ್ಟು. ಅಲ್ಲಿಂದ ಪೀಸಾ, ಪೀಸಾದಿಂದ ಮತ್ತೆ ಫ್ಲಾರೆನ್ಸ್ ಎಂದು ಕೂಡಿಸುತ್ತ ಹೋದರೆ ದಿನದ ದೊಡ್ಡದೊಂದು ಭಾಗವನ್ನು ಬಸ್ಸಿನ ಸೀಟಿನಲ್ಲೇ ಕಳೆಯುವುದು ಅನಿವಾರ್ಯ. ನಡುವೆ ದ್ರಾಕ್ಷಿ ತೋಟವೊಂದರಲ್ಲಿ ಊಟಕ್ಕೆಂದು ಒಂದೂವರೆ ಗಂಟೆ ಹೋಯಿತು. ಸಾನ್ ಜಿಮಿನ್ಯಾನೊದಲ್ಲಿ ನಮಗೆ ಕೊಟ್ಟ ಸಮಯ ಒಂದೂಕಾಲು ಗಂಟೆ. ಬಸ್ಸು ನಿಂತ ಕೆಳಗಿನ ಜಾಗದಿಂದ ಊರಬಾಗಿಲಿಗೆ ಏರಿ ಮತ್ತೆ ಇಳಿಯಲು ಬೇಕಾದ ಹೊತ್ತು, ಶೌಚಾಲಯದ ಮುಂದಿನ ಸಾಲು ಎಲ್ಲವೂ ಅದರಲ್ಲೇ ಸೇರಿತ್ತು. ಸಿಯೆನಾದ ಕ್ಯಾಥೆಡ್ರಲನ್ನು ಹೊರಗಿನಿಂದಷ್ಟೇ ನೋಡಿದೆವು, ಏಕೆಂದರೆ ಒಳಗೆ ಹೋಗುವ ಟಿಕೆಟ್ ಪ್ಯಾಕೇಜಿನಲ್ಲಿ ಸೇರಿಲ್ಲವೆಂಬುದು ಅದರ ಮೆಟ್ಟಿಲ ಬಳಿ ನಿಂತಾಗಲೇ ನಮಗೆ ತಿಳಿದದ್ದು. ಗುಂಪನ್ನು ನಡೆಸಿಕೊಂಡು ಜೊತೆಯಲ್ಲಿ ಬಂದಿದ್ದ ಯುವತಿ ಬಹಳ ಸೌಜನ್ಯದಿಂದ ನಡೆದುಕೊಂಡರು, ಬಸ್ಸು ಒಂದು ನಿಮಿಷವೂ ತಡಮಾಡಲಿಲ್ಲ. ಆ ಬಗ್ಗೆ ನನ್ನ ದೂರಿಲ್ಲ. ಇಷ್ಟು ಊರುಗಳನ್ನು ಒಂದು ಹಗಲಿನೊಳಗೆ ತುರುಕಿದ ಮೇಲೆ ಯಾರು ಕರೆದೊಯ್ದರೂ ಇದಕ್ಕಿಂತ ಹೆಚ್ಚು ತೋರಿಸಲಾಗದು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದು ನನಗೆ ಅರ್ಥವಾದದ್ದು ಎರಡನೆಯ ಸಲ ಹೋದಾಗ. ಫ್ಲಾರೆನ್ಸಿನಿಂದಾಗಲಿ ರೋಮಿನಿಂದಾಗಲಿ ಬೆಳಿಗ್ಗೆ ಹೊರಡುವ ಬಸ್ಸುಗಳೆಲ್ಲ ಈ ಊರುಗಳನ್ನು ತಲುಪುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಹೊರಡುವುದೂ ಒಂದೇ ಹೊತ್ತಿಗೆ. ಹಾಗಾಗಿ ಒಂದು ದಿನದ ಪ್ರವಾಸಿಗೆ ಕಾಣುವುದು ಯಾವಾಗಲೂ ನಡುಹಗಲ ಊರು. ಬಿಸಿಲು ನೆತ್ತಿಯ ಮೇಲಿರುವ, ಕಾಲಿಡಲು ಜಾಗವಿಲ್ಲದ, ಸ್ಥಳೀಯರು ಮನೆಯೊಳಗೆ ಸೇರಿಕೊಂಡಿರುವ ಊರು. ಸಾನ್ ಜಿಮಿನ್ಯಾನೊದ ಗೋಡೆಯೊಳಗೆ ಸಂಜೆ ಆರು ಗಂಟೆಯಾದ ಮೇಲೆ ನಡೆದಾಡಿದವರಿಗೆ ಇದು ಬೇರೆಯೇ ಊರೆಂದು ಅನ್ನಿಸದಿರದು. ನಾವು ಹೋದದ್ದು ಜೂನ್ ತಿಂಗಳಲ್ಲಿ. ಚಿಸ್ತೆರ್ನಾ ಚೌಕದ ಹಳೆಯ ಬಾವಿಯ ಮೆಟ್ಟಿಲ ಮೇಲೆ ಅಜ್ಜಿಯಂದಿರು ಬಂದು ಕುಳಿತರು, ಮಕ್ಕಳು ಚೆಂಡಾಟಕ್ಕಿಳಿದರು. ಗೋಪುರಗಳ ಸುತ್ತ ಬಾನಾಡಿಗಳ ಹಿಂಡೊಂದು ಕಿರುಚುತ್ತ ಸುತ್ತತೊಡಗಿತು, ಕತ್ತಲಾಗುವವರೆಗೂ ಅದು ನಿಲ್ಲಲಿಲ್ಲ. ಮೊದಲ ಸಲ ಅದೇ ಬಾವಿಯ ಬಳಿ ನಿಂತಿದ್ದಾಗ ನನಗೆ ಬಾವಿ ಕಾಣಿಸಿರಲೇ ಇಲ್ಲ.

ಆ ಊರಿನ ಗೋಪುರಗಳ ಕಥೆಗೂ ಒಂದೂಕಾಲು ಗಂಟೆ ಸಾಲದು. ಉತ್ತರದಿಂದ ರೋಮಿಗೆ ಹೋಗುತ್ತಿದ್ದ ಯಾತ್ರಿಕರ ದಾರಿಯಾದ ಫ್ರಾಂಚಿಜೆನಾ ಮಾರ್ಗದ ಮೇಲಿದ್ದ ಈ ಊರು ವ್ಯಾಪಾರದಿಂದ, ಮುಖ್ಯವಾಗಿ ಕೇಸರಿಯಿಂದ, ಸಿರಿವಂತವಾಯಿತು. ಮನೆತನಗಳು ಒಂದರ ಮೇಲೊಂದು ಪಂತಕ್ಕೆ ಬಿದ್ದು ಗೋಪುರಗಳನ್ನು ಎತ್ತಿದವು. 72ರಷ್ಟಿದ್ದವೆಂದು ಹೇಳಲಾಗುವ ಆ ಗೋಪುರಗಳಲ್ಲಿ ಇಂದು ಉಳಿದಿರುವುದು 14. 1348ರ ಪ್ಲೇಗು ಊರಿನ ಬೆನ್ನು ಮುರಿಯಿತು, 1353ರಲ್ಲಿ ಅದು ಫ್ಲಾರೆನ್ಸಿನ ಆಳ್ವಿಕೆಗೆ ಒಳಪಟ್ಟಿತು, ಯಾತ್ರಿಕರ ದಾರಿ ಬೇರೆಡೆಗೆ ತಿರುಗಿತು. ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಲು ಹಣವಿಲ್ಲದ್ದರಿಂದಲೇ ಇಷ್ಟಾದರೂ ಉಳಿದುಕೊಂಡಿತು, 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅತಿ ಎತ್ತರದ ಗೋಪುರ 54 ಮೀಟರಿನದು. ಅದರ ನೆತ್ತಿಯಿಂದ ಉಳಿದ ಗೋಪುರಗಳನ್ನು ಒಂದೊಂದಾಗಿ ಎಣಿಸುತ್ತ, ಯಾವುದು ಯಾವುದಕ್ಕಿಂತ ಮೇಲೆಂದು ನೋಡುತ್ತಿದ್ದಾಗ ಆ ಮನೆತನಗಳ ಹಟ ಇನ್ನೂ ಅಲ್ಲೇ ಇದೆಯೆನ್ನಿಸಿತು.

ಸಿಯೆನಾದ ವಿಷಯ ಬಂದರೆ ನನಗೆ ಸುಮ್ಮನಿರಲಾಗದು. ಕಾಂಪೊ ಚೌಕದಲ್ಲಿ ಸಾರ್ವಜನಿಕ ಅರಮನೆಯೆಂದು ಕರೆಯುವ ಪುರಸಭಾ ಕಟ್ಟಡದಲ್ಲಿ, ಊರನ್ನು ಆಳುತ್ತಿದ್ದ ಒಂಬತ್ತು ಮಂದಿಯ ಸಭೆ ಸೇರುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಅಂಬ್ರೋಜೊ ಲೊರೆನ್ಜೆಟ್ಟಿ 1338-39ರಲ್ಲಿ ಚಿತ್ರಿಸಿದ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಭಿತ್ತಿಚಿತ್ರಗಳಿವೆ. ಒಳ್ಳೆಯ ಆಡಳಿತದ ಗೋಡೆಯಲ್ಲಿ ಊರೊಂದಿದೆ, ಊರಿನಾಚೆ ಹೊಲ ತೋಟಗಳ ನಾಡೊಂದಿದೆ, ಎರಡರ ನಡುವೆ ತೆರೆದೇ ಇರುವ ಒಂದು ಬಾಗಿಲಿದೆ. ಆ ಬಾಗಿಲಿನಿಂದ ಕುದುರೆಯೇರಿದ ಸಿರಿವಂತರು ಹೊರಕ್ಕೆ ಹೊರಟಿದ್ದಾರೆ; ರೈತರು ಹೇರು ಹೊತ್ತ ಪ್ರಾಣಿಗಳೊಂದಿಗೆ, ಒಬ್ಬನಂತೂ ಬೆನ್ನಿಗೆ ಬಿಳಿಪಟ್ಟೆಯಿರುವ ಹಂದಿಯನ್ನು ಅಟ್ಟಿಕೊಂಡು, ಊರೊಳಕ್ಕೆ ಬರುತ್ತಿದ್ದಾರೆ. ಚಿತ್ರ ನೋಡಿದ ಮೇಲೆ ಅದೇ ಅರಮನೆಯ ಹಿಂಬದಿಯ ಮೇಲಿನ ಮೊಗಸಾಲೆಗೆ ಹೋಗಿ ನಿಂತರೆ, ಊರು ಮುಗಿದದ್ದೇ ತಡ ಶುರುವಾಗುವ ಆ ಹಸಿರು ಇಂದಿಗೂ ಕಣ್ಣೆದುರಿಗಿದೆ. ಊರಿಗೂ ಅದರ ಸುತ್ತಲಿನ ನೆಲಕ್ಕೂ ಇರುವ ಈ ನಂಟೇ ಬೆಟ್ಟದೂರುಗಳ ಜೀವಾಳ ಎಂದು ನಾನು ನಂಬಿದ್ದೇನೆ. ನಮ್ಮ ಮೊದಲ ಪ್ರವಾಸದಲ್ಲಿ ಚೌಕದಿಂದ ಆ ಕಟ್ಟಡವನ್ನು ಬೆರಳು ಮಾಡಿ ತೋರಿಸಿ ಮುಂದಕ್ಕೆ ಕರೆದೊಯ್ದರು. ಕ್ಯಾಥೆಡ್ರಲನ್ನು ಇಮ್ಮಡಿಗೂ ಮಿಗಿಲಾಗಿ ಹಿಗ್ಗಿಸಲು ಕೈಹಾಕಿ, ಪ್ಲೇಗಿನಿಂದಾಗಿ ಅರ್ಧಕ್ಕೇ ನಿಂತುಹೋದ ಒಂಟಿ ಗೋಡೆಯ ಮೇಲೆ ಹತ್ತಬಹುದೆಂಬುದೂ ನಮಗೆ ಆಗ ಗೊತ್ತಾಗಲಿಲ್ಲ.

ಹಾಗಾದರೆ ಭಾಷೆ ಬಾರದವರು ಅಲ್ಲಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಲೇಖನ ಹೆದರಿಸುವಷ್ಟು ಅದು ಕಷ್ಟವಲ್ಲ, ಆದರೆ ಕೆಲವು ಗುಟ್ಟುಗಳನ್ನು ಮೊದಲೇ ತಿಳಿದಿರಬೇಕು. ಸಿಯೆನಾಗೆ ಫ್ಲಾರೆನ್ಸಿನಿಂದ ರೈಲೂ ಇದೆ, ಬಸ್ಸೂ ಇದೆ. ರೈಲು ನಿಲ್ದಾಣ ಊರಿನ ಕೆಳಗಿದ್ದು, ಅಲ್ಲಿಂದ ಎಸ್ಕಲೇಟರುಗಳ ಸರಣಿಯನ್ನು ಹತ್ತಿ ಬರಬೇಕಾಗುವುದರಿಂದ, ಹಳೆಯ ಊರಿನ ಅಂಚಿಗೇ ತಂದು ಬಿಡುವ ಬಸ್ಸು ಮೇಲು. ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ; ಪೊಜ್ಜಿಬೊನ್ಸಿಯವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕು. ಬಸ್ಸಿನ ಟಿಕೆಟ್ಟನ್ನು ಹತ್ತುವ ಮೊದಲೇ, ದೊಡ್ಡ ಟಿ ಅಕ್ಷರದ ಫಲಕವಿರುವ ತಂಬಾಕಿನ ಅಂಗಡಿಗಳಲ್ಲಿ ಕೊಂಡಿಟ್ಟುಕೊಳ್ಳುವುದು ಕ್ಷೇಮ. ಕಾಗದದ ಟಿಕೆಟ್ಟಾದರೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು, ಮರೆತರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವೇಳಾಪಟ್ಟಿ ಓದುವ ಬಗೆ. ಅದರಲ್ಲಿ ಫೆರಿಯಾಲೆ ಎಂದಿದ್ದರೆ ಸೋಮವಾರದಿಂದ ಶನಿವಾರದವರೆಗಿನ ಕೆಲಸದ ದಿನಗಳು, ಫೆಸ್ತಿವೊ ಎಂದಿದ್ದರೆ ಭಾನುವಾರ ಮತ್ತು ರಜಾದಿನಗಳು, ಸ್ಕೊಲಾಸ್ತಿಕೊ ಎಂದಿದ್ದರೆ ಶಾಲೆ ಇರುವ ದಿನಗಳಲ್ಲಿ ಮಾತ್ರ ಓಡುವ ಬಸ್ಸು. ಈ ಮೂರು ಪದಗಳನ್ನು ತಿಳಿಯದೆ ನಾವು ಒಂದು ಭಾನುವಾರದ ಮಧ್ಯಾಹ್ನ, ಶಾಲಾದಿನದ ಬಸ್ಸಿಗಾಗಿ ಬಿಸಿಲಿನಲ್ಲಿ ಎರಡು ಗಂಟೆ ಕಾದು ಕುಳಿತಿದ್ದೆವು. ಕೊನೆಗೆ ಸ್ಥಳೀಯ ಮಹಿಳೆಯೊಬ್ಬರು ಕೈಸನ್ನೆಯಲ್ಲೇ ಇಂದು ಶಾಲೆಯಿಲ್ಲವೆಂದು ತಿಳಿಸಿ, ಟ್ಯಾಕ್ಸಿಗೆ ಫೋನ್ ಮಾಡಿಕೊಟ್ಟರು. ಗುಂಪು ಪ್ರವಾಸದಲ್ಲಿ ಇಂಥ ಪಾಡು ಬರುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಟಲಿಯಲ್ಲಿ ಸಾರಿಗೆ ನೌಕರರ ಮುಷ್ಕರಗಳೂ ಅಪರೂಪವಲ್ಲ. ಸಾಮಾನ್ಯವಾಗಿ ಅವುಗಳ ದಿನಾಂಕವನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ, ಆದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಬೇಕು.

ಮೊದಲ ಸಲ ಸ್ವತಂತ್ರವಾಗಿ ಹೋಗುವವರಿಗೆ ನಾನು ಓರ್ವಿಯೆತೊವನ್ನು ಸೂಚಿಸುತ್ತೇನೆ. ರೋಮಿನಿಂದ ನೇರ ರೈಲು, ಒಂದೂಕಾಲು ಗಂಟೆಯ ಆಸುಪಾಸಿನ ಪ್ರಯಾಣ. ರೈಲು ನಿಲ್ದಾಣದ ಎದುರಿಗೇ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಫ್ಯುನಿಕ್ಯುಲರ್ ಗಾಡಿಯಿದ್ದು, ಅದು ಕೆಲವೇ ನಿಮಿಷಗಳಲ್ಲಿ ಬಂಡೆಯ ಮೇಲಿನ ಊರಿಗೆ ತಲುಪಿಸುತ್ತದೆ. 1888ರಲ್ಲಿ ಆರಂಭವಾದಾಗ ಅದು ನೀರಿನ ಭಾರದಿಂದಲೇ ಓಡುತ್ತಿತ್ತು. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಬಂದು ಆಶ್ರಯ ಪಡೆದ ಏಳನೆಯ ಕ್ಲೆಮೆಂಟ್ ಪೋಪ್, ಮುತ್ತಿಗೆ ಬಿದ್ದರೆ ನೀರಿಗೆ ತೊಂದರೆಯಾಗಬಾರದೆಂದು ವಾಸ್ತುಶಿಲ್ಪಿ ಕಿರಿಯ ಆಂತೋನಿಯೊ ದ ಸಾಂಗಾಲ್ಲೊನಿಂದ ತೋಡಿಸಿದ ಸೇಂಟ್ ಪ್ಯಾಟ್ರಿಕ್ ಬಾವಿ, ಗಾಡಿಯಿಂದ ಇಳಿದ ಕೂಡಲೇ ಸಿಗುತ್ತದೆ. ಐವತ್ತು ಮೀಟರಿಗೂ ಆಳವಾದ ಆ ಬಾವಿಯ ಗೋಡೆಯೊಳಗೆ ಒಂದಕ್ಕೊಂದು ಸೇರದ ಎರಡು ಸುರುಳಿ ದಾರಿಗಳಿವೆ, ಒಂದೊಂದಕ್ಕೂ 248 ಮೆಟ್ಟಿಲು. ನೀರು ತರಲು ಇಳಿಯುವ ಹೇಸರಗತ್ತೆ, ನೀರು ಹೊತ್ತು ಏರುವ ಹೇಸರಗತ್ತೆಗೆ ಎದುರಾಗಬಾರದೆಂಬ ಉಪಾಯ. ಅಲ್ಲಿನ ಕ್ಯಾಥೆಡ್ರಲಿನಲ್ಲಿ ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಚಿತ್ರಿಸಿದ ಸಾನ್ ಬ್ರಿಜಿಯೊ ಎಂಬ ಒಳಗಿನ ಸಣ್ಣ ಪ್ರಾರ್ಥನಾಮಂದಿರವನ್ನು ನೋಡಲು, ಬೆಳಗಿನ ಗುಂಪು ಬರುವ ಮೊದಲೇ ಬಾಗಿಲಲ್ಲಿ ನಿಂತಿರುವಂತಾಗಬೇಕಾದರೆ ಅಲ್ಲೇ ಮಲಗಿ ಎದ್ದಿರಬೇಕು.

ನಾನು ಗೈಡುಗಳ ವಿರೋಧಿಯೆಂದು ಯಾರೂ ತಿಳಿಯಬಾರದು. ಓರ್ವಿಯೆತೊದ ಬಂಡೆಯೊಳಗೆ ರೋಮನ್ನರಿಗಿಂತ ಮೊದಲು ಇಲ್ಲಿದ್ದ ಎಟ್ರುಸ್ಕನ್ನರ ಕಾಲದಿಂದ ಕೊರೆಯುತ್ತ ಬಂದ ಗುಹೆಗಳಿಗೆ ಗೈಡ್ ಜೊತೆಗೇ ಇಳಿಯಬೇಕು. ಪಾರಿವಾಳ ಸಾಕಲು ಗೋಡೆಯ ತುಂಬ ಕೊರೆದ ಗೂಡುಗಳನ್ನು ತೋರಿಸುತ್ತ ಅವರು ವಿವರಿಸದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಇಟಲಿಯಲ್ಲಿ ಸ್ಮಾರಕಗಳ ಬಗ್ಗೆ ವಿವರಿಸಲು ಪರವಾನಗಿ ಪಡೆದ ಗೈಡ್ ಬೇರೆ, ಗುಂಪನ್ನು ನಡೆಸಿಕೊಂಡು ಹೋಗುವ ಸಂಗಾತಿ ಬೇರೆ, ಇವೆರಡೂ ಬೇರೆಬೇರೆ ವೃತ್ತಿಗಳು. 2023ರ ಡಿಸೆಂಬರಿನ ಕಾಯ್ದೆಯೊಂದು ಗೈಡುಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆಯನ್ನೂ ವಿಧಿಸಿದೆ. ಒಂದು ದಿನದ ಪ್ಯಾಕೇಜಿನಲ್ಲಿ ಬಸ್ಸಿನುದ್ದಕ್ಕೂ ಜೊತೆಗಿರುವವರು ಬಹಳ ಸಲ ಎರಡನೆಯ ಬಗೆಯವರು. ತಾವಾಗಿ ಹೋಗಿ, ಆ ಊರಿನಲ್ಲೇ ಎರಡು ಗಂಟೆಗಳ ಮಟ್ಟಿಗೆ ಪರವಾನಗಿಯುಳ್ಳ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡರೆ ಸಿಗುವ ತಿಳಿವಳಿಕೆ ಬೇರೆಯದೇ ಆಗಿರುತ್ತದೆ. ಲೇಖನ ಗೈಡ್ ಬೇಕೇ ಸ್ವಾತಂತ್ರ್ಯ ಬೇಕೇ ಎಂದು ಕೇಳಿದೆ, ಎರಡನ್ನೂ ಒಟ್ಟಿಗೆ ಪಡೆಯಬಹುದೆಂಬುದನ್ನು ಹೇಳಿಲ್ಲ.

ಗುಂಪು ಪ್ರವಾಸವೇ ಸರಿಯಾದ ಸಂದರ್ಭಗಳೂ ಇವೆ. ಎರಡನೆಯ ಪಿಯಸ್ ಪೋಪ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಮಾದರಿ ಪಟ್ಟಣವಾಗಿ ಕಟ್ಟಿಸಿದ ಪಿಯೆಂಜಾ, ಅದರ ಸುತ್ತಲಿನ ಓರ್ಚಾ ಕಣಿವೆ, ಮೊಂತಾಲ್ಚಿನೊ, ಇವುಗಳ ನಡುವೆ ಸಾರ್ವಜನಿಕ ಬಸ್ಸುಗಳು ಬಹಳ ವಿರಳ. ಕಾರು ಓಡಿಸಲು ಬಾರದವರು ಅಲ್ಲಿಗೆ ಸಣ್ಣ ವ್ಯಾನಿನ ಪ್ರವಾಸದಲ್ಲಿ ಹೋಗುವುದೇ ಒಳ್ಳೆಯದು. ಮಂಡಿನೋವಿನವರಿಗೆ, ಕಲ್ಲುಹಾಸಿನ ಕಡಿದಾದ ಓಣಿಗಳಲ್ಲಿ ಸೂಟ್‌ಕೇಸ್ ಎಳೆಯಲಾರದವರಿಗೆ ನಾನು ಬೇರೆ ಮಾತು ಹೇಳಲಾರೆ. ಬಾಡಿಗೆ ಕಾರು ತೆಗೆದುಕೊಳ್ಳುವವರು ಭಾರತದ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಬೇಕು. ಹಳೆಯ ಊರುಗಳ ಒಳಭಾಗ ಬಹುಮಟ್ಟಿಗೆ ಝಡ್‌ಟಿಎಲ್ (ZTL) ಎಂಬ ನಿರ್ಬಂಧಿತ ಸಂಚಾರ ವಲಯ. ಅದರ ಬಾಗಿಲಲ್ಲಿರುವ ಕ್ಯಾಮೆರಾ ನಂಬರನ್ನು ಹಿಡಿದುಕೊಳ್ಳುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಊರಿನವರ ದೃಷ್ಟಿಯಿಂದಲೂ ಇದನ್ನು ನೋಡಬೇಕೆಂದು ನನ್ನ ಕೋರಿಕೆ. ಓರ್ವಿಯೆತೊಗೆ ಸಮೀಪದ ಚಿವಿತಾ ದಿ ಬಾನ್ಯೊರೆಜೊ ಎಂಬ ಊರು ನಿಂತಿರುವ ದಿಬ್ಬವೇ ವರ್ಷವರ್ಷವೂ ಕುಸಿಯುತ್ತಿದೆ. ಕಾಲುಸೇತುವೆಯೊಂದೇ ಅದಕ್ಕಿರುವ ದಾರಿ, ಅಲ್ಲಿ ಉಳಿದಿರುವ ನಿವಾಸಿಗಳು ಬೆರಳೆಣಿಕೆಯಷ್ಟು. 2013ರಿಂದ ಅಲ್ಲಿಗೆ ಪ್ರವೇಶ ಶುಲ್ಕವಿದೆ. ಬರುವವರ ಸಂಖ್ಯೆಗೂ ಇರುವವರ ಸಂಖ್ಯೆಗೂ ಅಲ್ಲಿರುವ ಅಂತರ ನೋಡಿ ನಮ್ಮಿಬ್ಬರಿಗೂ ಸಂಕಟವಾಯಿತು. ಒಂದು ಗಂಟೆಯ ಮಟ್ಟಿಗೆ ಬರುವವರು ಮ್ಯಾಗ್ನೆಟ್ ಕೊಂಡು ಹೊರಡುತ್ತಾರೆ. ರಾತ್ರಿ ತಂಗುವವರು ಊಟ ಮಾಡುತ್ತಾರೆ, ಬೆಳಿಗ್ಗೆ ಬ್ರೆಡ್ಡಿನ ಅಂಗಡಿಗೆ ಹೋಗುತ್ತಾರೆ, ಪುರಸಭೆಗೆ ತಂಗುವ ತೆರಿಗೆಯನ್ನೂ ಕೊಡುತ್ತಾರೆ. ಬೇಕರಿ, ಔಷಧಿ ಅಂಗಡಿ ಉಳಿದರೆ ಮಾತ್ರ ಇಂಥ ಊರುಗಳಲ್ಲಿ ಜನ ಉಳಿದಾರು.

ಇಷ್ಟನ್ನು ಬರೆದದ್ದು ತಮ್ಮಲ್ಲಿ ಒಂದು ಮನವಿ ಮಾಡುವುದಕ್ಕಾಗಿ. ಮುಂದೆ ಇಂಥ ಲೇಖನಗಳನ್ನು ಪ್ರಕಟಿಸುವಾಗ, ಎಷ್ಟು ದಿನಕ್ಕೆ ಎಷ್ಟು ಊರು ಎಂಬ ಪಟ್ಟಿಯ ಬದಲು ಒಂದೊಂದು ಊರಿಗೂ ತಲುಪುವ ದಾರಿ, ಭಾನುವಾರದ ಬಸ್ಸಿನ ಸ್ಥಿತಿ, ಲಗೇಜ್ ಇಡಲು ಇರುವ ಅನುಕೂಲ, ಪ್ಯಾಕೇಜಿನ ದರದಲ್ಲಿ ಯಾವ ಪ್ರವೇಶ ಟಿಕೆಟ್ ಸೇರಿದೆ, ಯಾವುದು ಸೇರಿಲ್ಲ ಎಂಬ ವಿವರಗಳನ್ನು ಲೇಖಕರಿಂದ ಕೇಳಿ ಪಡೆದು ಮುದ್ರಿಸಬೇಕು. ಸಿಯೆನಾ, ಓರ್ವಿಯೆತೊಗಳ ಬಗ್ಗೆ ನಾವು ಬರೆದಿಟ್ಟುಕೊಂಡ ಬಸ್ಸು, ರೈಲಿನ ಟಿಪ್ಪಣಿಗಳಿವೆ. ತಮಗೆ ಉಪಯೋಗವಾಗುವುದಾದರೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ