ಸಂಜೆ ಹೊತ್ತು ಐಟಿಐ ಬಾಗಿಲು ತೆರೆಯಲಿ

ಒಂದೇ ಕೆಲಸ ಕಲಿತು ನಿವೃತ್ತಿವರೆಗೂ ದುಡಿಯುವ ಕಾಲ ಹೋಯಿತು. ಆದರೆ ಚಿಕ್ಕಮಗಳೂರಿನ ಹುಡುಗರಿಗೆ ದುಡಿಯುತ್ತಲೇ ಇನ್ನೊಂದು ಕೆಲಸ ಕಲಿಯುವ ದಾರಿ ಕಡಿಮೆ. ನಮ್ಮ ಬೀದಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದ. ಆ ಕೆಲಸ ಸಾಫ್ಟ್‌ವೇರ್ ಪಾಲಾಯಿತು. ಊರಿಗೆ ಬಂದವನು ಈಗ ಕಳೆ ಕೊಚ್ಚುವ ಯಂತ್ರದ ರಿಪೇರಿ ಕಲಿಯುತ್ತಿದ್ದಾನೆ, ಅದೂ ಯೂಟ್ಯೂಬ್ ನೋಡಿಕೊಂಡು! ಕಾರ್ಬುರೇಟರ್ ಬಿಚ್ಚಿ, ಹಳೇ ಪೇಪರ್ ಮೇಲೆ ಹರಡಿಕೊಂಡು ಜಗಲಿಯಲ್ಲಿ ಕೂತಿರುತ್ತಾನೆ. ಮಳೆಗಾಲದಲ್ಲಿ ತೋಟದವರು ಇಂಥ ರಿಪೇರಿಯವರನ್ನೇ ಹುಡುಕುತ್ತಾರೆ, ಅಲ್ವಾ?

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುತ್ತದೆ. ಹೆಚ್ಚೆಂದರೆ 2 ವರ್ಷ. ಆಮೇಲೆ? ಸಂಜೆ ಸುಮ್ನೆ ಬೀಗ ಹಾಕಿಡುವ ಐಟಿಐ ವರ್ಕ್‌ಶಾಪ್‌ಗಳಲ್ಲಿ ಜಿಲ್ಲಾಡಳಿತ ಮೂರು ತಿಂಗಳ ತರಬೇತಿ ಶುರು ಮಾಡಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಇದಕ್ಕೆ ಕೈಜೋಡಿಸಬಹುದು.

ಒಬ್ಬ ಓದುಗ, ಚಿಕ್ಕಮಗಳೂರು