ವಿನ್ಶ್‌ಗಾವ್ ಕಣಿವೆಯ ಸೈಕಲ್ ಪ್ರವಾಸ: ಸೆಪ್ಟೆಂಬರ್ ಬದಲು ಜೂನ್, ಮೂರು ದಿನಗಳ ಬದಲು ನಾಲ್ಕು

ಮ್ಯೂನಿಕ್

ಮಾನ್ಯ ಗ್ರಾಹಕರಿಗೆ ವಂದನೆಗಳು.

ಆಸ್ಟ್ರಿಯದ ಲಾಂಡೆಕ್‌ನಿಂದ ಹೊರಟು, ರೆಶೆನ್ ಘಟ್ಟ ದಾಟಿ, ಎಟ್ಶ್ ನದಿಯ ಜಾಡಿನಲ್ಲಿ ಇಟಲಿಯ ಬೋಟ್ಸೆನ್‌ವರೆಗೆ ಸಾಗುವ ನಮ್ಮ ಮೂರು ದಿನಗಳ ಸೈಕಲ್ ಪ್ರವಾಸವನ್ನು ಇದುವರೆಗೆ ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ನಡೆಸುತ್ತ ಬಂದಿದ್ದೆವು. ಬರುವ ವರ್ಷದಿಂದ ಅದನ್ನು ಜೂನ್ ತಿಂಗಳ ಉತ್ತರಾರ್ಧದಲ್ಲಿ ನಡೆಸಲು ತೀರ್ಮಾನಿಸಿದ್ದೇವೆ. ದಿನಗಳು ನಾಲ್ಕಾಗುತ್ತವೆ, ಸವಾರಿಯ ದೂರ ಕಡಿಮೆಯಾಗುತ್ತದೆ, ಒಂದು ತಂಡದಲ್ಲಿ ಆರಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಮುಂಗಡ ಕೊಟ್ಟು ರಜೆಯನ್ನೂ ಹಾಕಿಕೊಂಡವರಿಗೆ ಇದರಿಂದ ತೊಂದರೆಯಾಗುತ್ತದೆ ಎಂಬುದು ನಮಗೆ ತಿಳಿದಿದೆ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸುತ್ತಿದ್ದೇವೆ.

ವಿನ್ಶ್‌ಗಾವ್ ಎಂದು ಜರ್ಮನ್ ಭಾಷಿಕರೂ ವಾಲ್ ವೆನೋಸ್ತಾ ಎಂದು ಇಟಾಲಿಯನ್ ಭಾಷಿಕರೂ ಕರೆಯುವ ಈ ಕಣಿವೆಯಲ್ಲಿ ನಾವು ಸವಾರಿ ಮಾಡುವ ದಾರಿ ಬಹಳ ಕಡೆ ಕೇವಲ ಸೈಕಲ್ಲಿಗೆಂದು ಮಾಡಿದ ದಾರಿಯಲ್ಲ. ಅದು ಸೇಬಿನ ತೋಟಗಳ ನಡುವೆ ರೈತರು ತಮ್ಮ ಕೆಲಸಕ್ಕೆ ಬಳಸುವ ಕಿರುರಸ್ತೆ. ಕಾರುಗಳೆಲ್ಲ ರಾಜ್ಯ ಹೆದ್ದಾರಿಗಳಾದ ಎಸ್‌ಎಸ್ 40 ಮತ್ತು ಎಸ್‌ಎಸ್ 38ರಲ್ಲಿ ಓಡುವುದರಿಂದ ಈ ಕಿರುರಸ್ತೆ ನಿಶ್ಶಬ್ದವಾಗಿರುತ್ತದೆ. ಆ ನಿಶ್ಶಬ್ದವನ್ನೇ ನಾವು ನಿಮಗೆ ಮುಖ್ಯ ಆಕರ್ಷಣೆಯೆಂದು ಹೇಳುತ್ತ ಬಂದೆವು. ಆದರೆ ಯುರೋಪಿಯನ್ ಒಕ್ಕೂಟದ ಸೇಬಿನಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ಬೆಳೆಯುವ ದಕ್ಷಿಣ ಟಿರೋಲ್ ಪ್ರಾಂತ್ಯಕ್ಕೆ ಸೇರಿದ ಈ ಕಣಿವೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಎಂದರೆ ಕೊಯ್ಲಿನ ತಿಂಗಳುಗಳು. ಬೆಳಗಿನಿಂದ ಸಂಜೆಯವರೆಗೆ ಟ್ರ್ಯಾಕ್ಟರುಗಳು ಹಣ್ಣಿನ ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ಅದೇ ಕಿರುರಸ್ತೆಯಲ್ಲಿ ಹೋಗಿ ಬರುತ್ತಿರುತ್ತವೆ.

ಕಳೆದ ಸೆಪ್ಟೆಂಬರ್‌ನಲ್ಲಿ ಹದಿನಾಲ್ಕು ಜನರ ನಮ್ಮ ತಂಡ ಒಂದರ ಹಿಂದೊಂದಾಗಿ ವೇಗವಾಗಿ ಇಳಿದು ಬರುತ್ತಿದ್ದಾಗ ತೋಟದ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು. ಮುಂದಿದ್ದವರು ಬ್ರೇಕ್ ಹಾಕಿದರು, ಹಿಂದಿನ ಇಬ್ಬರು ಅವರಿಗೆ ತಾಗಿ ಬಿದ್ದರು; ಒಬ್ಬರ ಮಣಿಕಟ್ಟು ಉಳುಕಿತು. ದೊಡ್ಡ ಅನಾಹುತ ತಪ್ಪಿತೆನ್ನಬೇಕು. ಟ್ರ್ಯಾಕ್ಟರ್ ಇಳಿದು ಬಂದ ರೈತರು ಕೋಪಿಸಿಕೊಳ್ಳಲಿಲ್ಲ, ಬಿದ್ದವರನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, "ಬೇರೆ ತಿಂಗಳಲ್ಲಿ ಬರಲಾಗದೇ?" ಎಂದಷ್ಟೇ ಕೇಳಿದರು. ತಪ್ಪು ದಾರಿಯದಲ್ಲ, ಅವರದೂ ಅಲ್ಲ. ಅಷ್ಟು ದೊಡ್ಡ ತಂಡವನ್ನು, ಆ ತಿಂಗಳಲ್ಲಿ, ಸಂಜೆಯೊಳಗೆ ಊರು ಮುಟ್ಟಬೇಕೆಂಬ ಅವಸರದಲ್ಲಿ ಅಲ್ಲಿಗೆ ಕರೆದೊಯ್ದ ನಮ್ಮದು.

ಹಾಗಾದರೆ ಸೇಬು ಹೂಬಿಡುವ ಏಪ್ರಿಲ್‌ನಲ್ಲಿ ಏಕೆ ಹೋಗಬಾರದು ಎಂದು ಹಲವರು ಕೇಳಿದ್ದೀರಿ. ಆಗ ಕಣಿವೆಯ ಕೆಳಭಾಗ ಬಹಳ ಸುಂದರವಾಗಿರುತ್ತದೆ, ನಿಜ. ಮಂಜುಗಟ್ಟುವ ರಾತ್ರಿಗಳಲ್ಲಿ ಬೆಳೆಗಾರರು ತುಂತುರು ನೀರಾವರಿಯಿಂದ ಹೂಗಳ ಮೇಲೆ ನೀರು ಹಾಯಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಹೂವನ್ನು ಕಾಪಾಡುತ್ತದೆ, ಬೆಳಗಾಗುವಾಗ ತೋಟಕ್ಕೆ ತೋಟವೇ ಗಾಜಿನಂತೆ ಹೊಳೆಯುತ್ತಿರುತ್ತದೆ. ಆದರೆ ನಾವು ದಾಟುವ ರೆಶೆನ್ ಘಟ್ಟ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಅಲ್ಲಿ ಹಿಮ ಬೀಳುವುದು ಅಪರೂಪವೇನಲ್ಲ. ಮೇ ಕೊನೆ ಮತ್ತು ಜೂನ್ ಮೊದಲ ದಿನಗಳಲ್ಲಿ ಬವೇರಿಯದ ಶಾಲೆಗಳಿಗೆ ಪೆಂಟೆಕೋಸ್ಟ್ ರಜೆ ಬರುವುದರಿಂದ ಕೋಣೆಗಳು ಸಿಗುವುದಿಲ್ಲ, ದಾರಿಯೂ ತುಂಬಿರುತ್ತದೆ. ಇವೆಲ್ಲವನ್ನೂ ಕಳೆದರೆ ಉಳಿಯುವುದು ಜೂನ್ ಉತ್ತರಾರ್ಧ. ಆಗ ಸೇಬು ಇನ್ನೂ ನೆಲ್ಲಿಕಾಯಿ ಗಾತ್ರದ್ದಾಗಿರುತ್ತದೆ. ತೋಟದ ಬದಿಯಲ್ಲಿ ಹಣ್ಣು ಕೊಂಡು ತಿನ್ನುವ ಸುಖವನ್ನು ನೀವು ಕಳೆದುಕೊಳ್ಳುತ್ತೀರಿ. ಅದಕ್ಕೆ ನಮ್ಮ ಬಳಿ ಪರಿಹಾರವಿಲ್ಲ. ಬದಲಿಗೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಆದ್ದರಿಂದ ಅವಸರ ಮಾಡಬೇಕಾಗಿಲ್ಲ.

ಎರಡನೆಯ ಬದಲಾವಣೆ ಏರುದಾರಿಯದು. ಪ್ಫುಂಡ್ಸ್‌ನಿಂದ ನೌಡರ್ಸ್‌ಗೆ ಏರುವ ಬಿ 180 ಹೆದ್ದಾರಿ ಇಕ್ಕಟ್ಟಾದದ್ದು, ವಾಹನದಟ್ಟಣೆಯದು; ಸೈಕಲ್ಲಿಗೆ ತಕ್ಕದ್ದಲ್ಲ. ಹೀಗಾಗಿ ಸವಾರರು ಸ್ವಿಟ್ಜರ್ಲೆಂಡ್‌ನ ಮಾರ್ತಿನಾ ಹಳ್ಳಿಗೆ ಹೋಗಿ, ಅಲ್ಲಿಂದ 11 ಹೇರ್‌ಪಿನ್ ತಿರುವುಗಳನ್ನು ಏರಿ, ನೋರ್ಬರ್ಟ್ಸ್‌ಹ್ಯೋಹೆ ಘಟ್ಟ ದಾಟಿ ಆಸ್ಟ್ರಿಯದ ನೌಡರ್ಸ್‌ಗೆ ಇಳಿಯುತ್ತಾರೆ. ದಾರಿ ಚೆನ್ನಾಗಿದೆ, ಆದರೆ ಮೊದಲ ದಿನವೇ ಇದನ್ನು ಏರಿದವರಲ್ಲಿ ಅರ್ಧ ಜನಕ್ಕೆ ಮರುದಿನ ಕಣಿವೆಯನ್ನು ನೋಡುವ ಮನಸ್ಸೇ ಉಳಿದಿರುತ್ತಿರಲಿಲ್ಲ. ಇನ್ನು ಮುಂದೆ ಲಾಂಡೆಕ್ ರೈಲು ನಿಲ್ದಾಣದಿಂದ ನೌಡರ್ಸ್‌ವರೆಗೆ ಜನರನ್ನೂ ಸೈಕಲ್ಲುಗಳನ್ನೂ ವ್ಯಾನಿನಲ್ಲಿ ಕರೆದೊಯ್ಯುತ್ತೇವೆ. ಏರಲೇಬೇಕೆನ್ನುವವರನ್ನು ಮಾರ್ತಿನಾದಲ್ಲಿ ಇಳಿಸಿ, ಮೇಲೆ ಕಾಯುತ್ತೇವೆ. ಹಾಗೆ ಇಳಿಯುವವರು ಎರಡು ವಿಷಯ ನೆನಪಿಡಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರು ಜರ್ಮನಿಯ ವಾಸದ ಪರವಾನಗಿ ಕಾರ್ಡಿನ ಜೊತೆಗೆ ಪಾಸ್‌ಪೋರ್ಟನ್ನೂ ಜೇಬಿನಲ್ಲಿ ಇಟ್ಟುಕೊಂಡಿರಬೇಕು; ಇದು ಇಡೀ ಪ್ರವಾಸಕ್ಕೂ ಅನ್ವಯಿಸುತ್ತದೆ. ಮತ್ತು ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ರೋಮಿಂಗ್ ನಿಯಮಕ್ಕೆ ಒಳಪಟ್ಟಿಲ್ಲ, ಆದ್ದರಿಂದ ನಿಮ್ಮ ಮೊಬೈಲ್ ಒಪ್ಪಂದದಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳದೆ ಅಲ್ಲಿ ಇಂಟರ್ನೆಟ್ ಬಳಸಬೇಡಿ.

ಹೊಸ ಕ್ರಮದಲ್ಲಿ ಮೊದಲ ದಿನದ ಸವಾರಿ ರೆಶೆನ್ ಜಲಾಶಯದ ದಂಡೆಯಲ್ಲಿ ಸಾಂಕ್ಟ್ ವಾಲೆಂಟಿನ್‌ವರೆಗೆ ಮಾತ್ರ. 1950ರಲ್ಲಿ ಈ ಜಲಾಶಯಕ್ಕಾಗಿ ಗ್ರೌನ್ ಊರು ಮುಳುಗಡೆಯಾಯಿತು; 14ನೇ ಶತಮಾನದ ಚರ್ಚಿನ ಗೋಪುರವೊಂದೇ ಈಗ ನೀರಿನಿಂದ ಮೇಲೆ ನಿಂತಿದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚನ್ನು ನೋಡಿದವರು ಇಲ್ಲಿ ಸುಮ್ಮನೆ ಹತ್ತು ನಿಮಿಷ ನಿಲ್ಲುತ್ತಾರೆ. ಹಿಂದಿನ ಪ್ರವಾಸದಲ್ಲಿ ಫೋಟೊ ತೆಗೆಯುವಷ್ಟೇ ಸಮಯವಿತ್ತು ಎಂದು ನಿಮ್ಮಲ್ಲಿ ಕೆಲವರು ಬರೆದಿದ್ದಿರಿ, ಆ ದೂರು ಸರಿಯಾಗಿಯೇ ಇತ್ತು.

ಎರಡನೆಯ ದಿನದ ಇಳಿಜಾರಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಸಾಂಕ್ಟ್ ವಾಲೆಂಟಿನ್‌ನಿಂದ ಬುರ್ಗೈಸ್ ಮೂಲಕ ಗ್ಲುರ್ನ್ಸ್ ತಲುಪುವಷ್ಟರಲ್ಲಿ ದಾರಿ 500 ಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಬೆಟ್ಟದ ತೊರೆಗಳು ತಂದು ಸುರಿದ ಮಣ್ಣುಕಲ್ಲುಗಳಿಂದಾದ ಮಾಲ್ಸರ್ ಹೈಡೆ ಎಂಬ ವಿಶಾಲವಾದ ಇಳಿಜಾರು ಇದು. ಎಲ್ಲೂ ತೀರಾ ಕಡಿದಾಗಿ ಕಾಣುವುದಿಲ್ಲ, ಅದರಿಂದಲೇ ಜನ ಮೈಮರೆತು ವೇಗ ಹೆಚ್ಚಿಸಿಕೊಳ್ಳುತ್ತಾರೆ. ಬ್ರೇಕನ್ನು ಒಂದೇ ಸಮನೆ ಹಿಡಿದರೆ ಬಿಸಿಯಾಗುತ್ತದೆ. ಬಿಟ್ಟು ಬಿಟ್ಟು ಹಿಡಿಯಬೇಕು, ನಡುವೆ ಎರಡು ಕಡೆ ನಿಲ್ಲಿಸುತ್ತೇವೆ. ಸುಮಾರು 900 ಜನರ, 16ನೇ ಶತಮಾನದ ಕೋಟೆಗೋಡೆ ಇಂದಿಗೂ ಪೂರ್ತಿಯಾಗಿ ಸುತ್ತುವರಿದಿರುವ ಗ್ಲುರ್ನ್ಸ್ ಪಟ್ಟಣದಲ್ಲಿ ಊಟ. ಸಸ್ಯಾಹಾರಿಗಳು ಅಲ್ಲಿಯ ಬೇಕರಿಗಳಲ್ಲಿ ಸಿಗುವ ಪಾರ್ಲ್ ಎಂಬ ಜೋಡಿ ರೈ ರೊಟ್ಟಿಯನ್ನು ತಪ್ಪದೆ ತಿನ್ನಿ. ಅದರ ಪರಿಮಳಕ್ಕೆ ಬಳಸುವುದು ನಮ್ಮ ಮೆಂತ್ಯದ ಕುಲದ್ದೇ ಆದ ಒಂದು ಸೊಪ್ಪು. ರಾತ್ರಿಯ ತಂಗುದಾಣ ಬಿಳಿ ಅಮೃತಶಿಲೆಗೆ ಹೆಸರಾದ ಲಾಸ್.

ಮೂರನೆಯ ದಿನ ಲಾಸ್‌ನಿಂದ ಶ್ಲಾಂಡರ್ಸ್, ಲಾಚ್, ಕಾಸ್ಟೆಲ್‌ಬೆಲ್ ಹಾದು ನಾಟುರ್ನ್ಸ್‌ವರೆಗೆ, ಹೆಚ್ಚಾಗಿ ನದಿಯ ಪಕ್ಕದಲ್ಲೇ. ಕೊಯ್ಲು ಇಲ್ಲದಿದ್ದರೂ ಜೂನ್‌ನಲ್ಲಿ ತೋಟದ ಕೆಲಸ ನಿಂತಿರುವುದಿಲ್ಲ. ಔಷಧ ಸಿಂಪಡಿಸುವ ಯಂತ್ರ ಕಂಡರೆ ದೂರದಲ್ಲೇ ನಿಂತು, ಅದು ಸಾಲು ದಾಟಿದ ಮೇಲೆ ಹೋಗಬೇಕು. ಸಿಂಪಡಣೆ ಈ ಕಣಿವೆಯಲ್ಲಿ ಸೂಕ್ಷ್ಮವಾದ ವಿಷಯ. ಮಾಲ್ಸ್ ಊರಿನವರು 2014ರ ಜನಮತ ಸಂಗ್ರಹದಲ್ಲಿ ಕೀಟನಾಶಕಗಳ ವಿರುದ್ಧ ಬಹುಮತದಿಂದ ಮತ ಹಾಕಿದ್ದರು. ಊಟದ ಮೇಜಿನಲ್ಲಿ ಈ ಕುರಿತು ರೈತರೊಂದಿಗೆ ವಾದಕ್ಕಿಳಿಯಬೇಡಿ ಎಂದು ವಿನಂತಿ.

ಕೊನೆಯ ದಿನ ಟ್ಯೋಲ್‌ನ ಬಳಿ ಕಣಿವೆ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತದೆ. ಸೈಕಲ್ ದಾರಿ ತಿರುವುಗಳಲ್ಲಿ ಸುತ್ತಿ ಸುತ್ತಿ ಸುಮಾರು 325 ಮೀಟರ್ ಎತ್ತರದ ಮೆರಾನ್ ಸೇರುತ್ತದೆ. ಪ್ರವಾಸ ಅಲ್ಲಿಗೆ ಮುಗಿಯುತ್ತದೆ. ಮೆರಾನ್‌ನಿಂದ ಬೋಟ್ಸೆನ್‌ವರೆಗಿನ ಸುಮಾರು 30 ಕಿಲೋಮೀಟರನ್ನು ಕೈಬಿಟ್ಟಿದ್ದೇವೆ. ಅದು ಸಮತಟ್ಟಾದ, ಸುರಕ್ಷಿತವಾದ ದಾರಿಯೇ; ಆದರೆ ಕೆಲವೆಡೆ ನಾಲ್ಕು ಪಥದ ಹೆದ್ದಾರಿಯ ಸದ್ದು ಜೊತೆಯಲ್ಲೇ ಬರುತ್ತದೆ. ಆ ದೂರವನ್ನು ರೈಲಿನಲ್ಲಿ ಕ್ರಮಿಸಿ, ಬೋಟ್ಸೆನ್‌ನಿಂದ ಬ್ರೆನ್ನರ್ ಮಾರ್ಗವಾಗಿ ಮ್ಯೂನಿಕ್‌ಗೆ ಮರಳುತ್ತೇವೆ. ಆ ದೂರದ ರೈಲುಗಳಲ್ಲಿ ಸೈಕಲ್ಲಿಗೆ ಮುಂಗಡ ಕಾಯ್ದಿರಿಸಬೇಕು, ಜಾಗವೂ ಕೆಲವೇ ಕೆಲವು. ತಂಡವನ್ನು ಆರಕ್ಕೆ ಇಳಿಸಲು ಇದೂ ಒಂದು ಕಾರಣ.

ದಾರಿಯಲ್ಲಿ ದಣಿದವರಿಗೆ ಮಾಲ್ಸ್ ಮತ್ತು ಮೆರಾನ್ ನಡುವಿನ ರೈಲು ಇದೆ. 1906ರಲ್ಲಿ ಆರಂಭವಾಗಿ, 1990ರಲ್ಲಿ ನಿಂತು, ಪ್ರಾಂತ್ಯದ ಸರ್ಕಾರವೇ ಕೈಗೆತ್ತಿಕೊಂಡು 2005ರಲ್ಲಿ ಮತ್ತೆ ಓಡಿಸಿದ, ಸುಮಾರು 60 ಕಿಲೋಮೀಟರ್ ಉದ್ದದ ಮಾರ್ಗವಿದು. ಅದರಲ್ಲಿ ನಿಮ್ಮ ಸೈಕಲ್ಲಿಗೆ ಜಾಗ ಸಿಕ್ಕೇ ಸಿಗುತ್ತದೆಂದು ನಾವು ಭರವಸೆ ಕೊಡಲಾರೆವು. ಸೈಕಲ್ಲನ್ನು ನಮ್ಮ ವ್ಯಾನಿಗೆ ಕೊಟ್ಟು ನೀವು ರೈಲು ಹತ್ತಬಹುದು. ಸ್ವಂತ ಸೈಕಲ್ ತರಲಾಗದವರು ಅಲ್ಲಿಯ ನಿಲ್ದಾಣಗಳಲ್ಲಿ ಬಾಡಿಗೆಗೆ ಪಡೆದು ಇನ್ನೊಂದು ನಿಲ್ದಾಣದಲ್ಲಿ ಹಿಂದಿರುಗಿಸಬಹುದು.

ಒಂದು ರಾತ್ರಿಯ ವಸತಿಯೂ ವ್ಯಾನಿನ ಬಾಡಿಗೆಯೂ ಸೇರಿ ಶುಲ್ಕ ತಲಾ 70 ಯೂರೋ ಹೆಚ್ಚಾಗಿದೆ. ಈಗಾಗಲೇ ಮುಂಗಡ ಕೊಟ್ಟವರಿಂದ ಬರುವ ವರ್ಷದ ಮಟ್ಟಿಗೆ ಈ ಹೆಚ್ಚಳವನ್ನು ತೆಗೆದುಕೊಳ್ಳುವುದಿಲ್ಲ. ಜೂನ್‌ನಲ್ಲಿ ಬರಲಾಗದವರು ಫೆಬ್ರವರಿ ಕೊನೆಯೊಳಗೆ ತಿಳಿಸಿದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ, ಕಾರಣ ಕೇಳುವುದಿಲ್ಲ.

ದಾರಿ ಬಹುಪಾಲು ಡಾಂಬರಿನದಾದರೂ ಅಲ್ಲಲ್ಲಿ ಜಲ್ಲಿ ಇರುವುದರಿಂದ 32 ಮಿಲಿಮೀಟರಿಗಿಂತ ಕಡಿಮೆ ಅಗಲದ ಟೈರುಗಳನ್ನು ತರಬೇಡಿ. ಬ್ರೇಕ್ ಪ್ಯಾಡುಗಳನ್ನು ಹೊರಡುವ ಮುನ್ನ ಬದಲಾಯಿಸಿಕೊಳ್ಳಿ. ಬರುತ್ತೀರೋ ಇಲ್ಲವೋ ಎಂಬುದನ್ನೂ, ಮಾರ್ತಿನಾದಲ್ಲಿ ಇಳಿದು ಏರುವ ಇಚ್ಛೆಯಿದೆಯೇ ಎಂಬುದನ್ನೂ ದಯವಿಟ್ಟು ಇದೇ ವಿಳಾಸಕ್ಕೆ ಬರೆದು ತಿಳಿಸಿ.

ತಮ್ಮ ವಿಶ್ವಾಸಿಗಳು,
ಪ್ರವಾಸ ಬಳಗದ ಪರವಾಗಿ