ಆ ಗೂಢಚಾರ ಬಾಂಡ್‌ನ ನಕಲಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ ‘ಓಎಸ್‌ಎಸ್ 117: ಕೈರೋ, ನೆಸ್ಟ್ ಆಫ್ ಸ್ಪೈಸ್’ ಎಂಬ ಫ್ರೆಂಚ್ ಹಾಸ್ಯ ಚಿತ್ರದ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಬರೆದವರು ಅದನ್ನು ‘ಬಾಂಡ್ ಚಿತ್ರಗಳ ಅಗ್ಗದ ನಕಲು’ ಎಂದಿದ್ದಾರೆ. ಅಷ್ಟಕ್ಕೇ ನಿಲ್ಲಿಸದೆ ‘ಈಜಿಪ್ಟಿನ ಜನರನ್ನು ಗೇಲಿ ಮಾಡುವ ಚಿತ್ರ’ ಎಂದೂ ಷರಾ ಬರೆದಿದ್ದಾರೆ. ನಾನು ನಿವೃತ್ತ ಇತಿಹಾಸ ಶಿಕ್ಷಕಿ. ಸಿನಿಮಾ ಪಂಡಿತೆ ಅಲ್ಲ. ಆದರೆ ಸೂಯೆಜ್ ಕಾಲುವೆಯ ಪಾಠವನ್ನು ಎಷ್ಟೋ ವರ್ಷ ಆಕಳಿಸುವ ಮಕ್ಕಳ ಮುಂದೆ ಮಾಡಿದವಳು. ಹಾಗಾಗಿ ಆ ಚಿತ್ರದ ಪರವಾಗಿ ನಾಲ್ಕು ಮಾತು ಬರೆಯದೆ ಇರಲು ಆಗಲಿಲ್ಲ.

ಮೊದಲು ನಕಲಿನ ವಿಷಯ ಮುಗಿಸಿಬಿಡೋಣ. ಇಲ್ಲಿ ವಾದಕ್ಕೆ ಜಾಗವೇ ಇಲ್ಲ, ಇಸವಿ ನೋಡಿದರೆ ಸಾಕು. ಓಎಸ್‌ಎಸ್ 117 ಎಂಬ ಗುಪ್ತನಾಮದ ಗೂಢಚಾರನನ್ನು ಜ್ಯಾನ್ ಬ್ರೂಸ್ ಎಂಬ ಫ್ರೆಂಚ್ ಲೇಖಕ ಕಾದಂಬರಿಗೆ ತಂದದ್ದು 1949ರಲ್ಲಿ. ಇಯಾನ್ ಫ್ಲೆಮಿಂಗ್ ಬರೆದ ಮೊದಲ ಬಾಂಡ್ ಕಾದಂಬರಿ ಬಂದದ್ದು 1953ರಲ್ಲಿ. ಬೆಳ್ಳಿತೆರೆಯ ಲೆಕ್ಕದಲ್ಲೂ ಫ್ರೆಂಚರೇ ಮುಂದು. 117ನೇ ನಂಬರಿನವನು 1957ರಲ್ಲೇ ಚಿತ್ರಮಂದಿರಕ್ಕೆ ಬಂದಿದ್ದ, ಶಾನ್ ಕಾನರಿಯ ಮೊದಲ ಬಾಂಡ್ ಚಿತ್ರ ಬಂದದ್ದು 1962ರಲ್ಲಿ. ಬ್ರೂಸ್ 1963ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಅವರ ಹೆಂಡತಿ, ಮುಂದೆ ಮಕ್ಕಳು ಅದೇ ಗೂಢಚಾರನ ಕತೆಗಳನ್ನು ಬರೆಯುತ್ತಾ ಹೋದರು. ಒಂದು ಮನೆತನಕ್ಕೇ ಅನ್ನ ಹಾಕಿದ ಪಾತ್ರ ಅದು! ಆ ಪುಸ್ತಕಗಳಲ್ಲಿ ಹಾಸ್ಯ ಇರಲಿಲ್ಲ, ಅರವತ್ತರ ದಶಕದ ಚಿತ್ರಗಳಲ್ಲೂ ನಗಿಸುವ ಉದ್ದೇಶ ಇರಲಿಲ್ಲ. ಅವನನ್ನು ನಗೆಪಾಟಲು ಮಾಡಿದ್ದು 2006ರಲ್ಲಿ, ನಿರ್ದೇಶಕ ಮಿಶೆಲ್ ಹಜನವಿಸಿಯುಸ್. ಕಾದಂಬರಿಯಲ್ಲಿ ಫ್ರೆಂಚ್ ಮೂಲದ ಅಮೆರಿಕನ್ ಆಗಿದ್ದವನನ್ನು ಈ ಚಿತ್ರ ಅಪ್ಪಟ ಫ್ರೆಂಚ್ ಸರ್ಕಾರಿ ಗೂಢಚಾರನನ್ನಾಗಿ ಮಾಡಿತು. ನನ್ನ ಪ್ರಕಾರ ಇಡೀ ಚಿತ್ರದ ಕೀಲಿ ಇರುವುದು ಇಲ್ಲೇ. ನಿಮ್ಮ ಬರಹದಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಈಗ ಗೇಲಿ ಯಾರದ್ದು ಅನ್ನುವುದಕ್ಕೆ ಬರುತ್ತೇನೆ.

ಕತೆ ನಡೆಯುವುದು 1955ರ ಕೈರೋದಲ್ಲಿ. ಈ ಇಸವಿ ಸುಮ್ನೆ ಬಂದದ್ದಲ್ಲ. 1952ರಲ್ಲಿ ದೊರೆ ಫಾರೂಕ್‌ನನ್ನು ಸೇನಾಧಿಕಾರಿಗಳು ಇಳಿಸಿದ್ದರು. ಆ ಅಧಿಕಾರಿಗಳಲ್ಲಿ ಒಬ್ಬರಾದ ನಾಸೆರ್ ಕೈಗೆ ಅಧಿಕಾರ ಬಂದಿತ್ತು. 1956ರ ಜುಲೈ 26ರಂದು ಅವರು ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ಈಜಿಪ್ಟಿನ ಮೇಲೆ ದಾಳಿ ಮಾಡಿ, ಮುಖಭಂಗ ಅನುಭವಿಸಿ ವಾಪಸ್ ಹೋದವು. ಅಂದರೆ ನಮ್ಮ ನಾಯಕ ಕೈರೋದಲ್ಲಿ ಓಡಾಡುವುದು ಆ ಪೆಟ್ಟು ಬೀಳುವ ಮುಂಚಿನ ವರ್ಷ. ಅವನಿಗೆ ಒಪ್ಪಿಸಿದ ಕೆಲಸ ಏನು ಗೊತ್ತಾ? ಸತ್ತುಹೋದ ಗೆಳೆಯ ಜ್ಯಾಕ್‌ನ ಸಾವಿನ ಹಿಂದೆ ಯಾರಿದ್ದಾರೆಂದು ಪತ್ತೆ ಮಾಡುವುದು, ಶಸ್ತ್ರಾಸ್ತ್ರ ತುಂಬಿಕೊಂಡು ಕಾಣೆಯಾದ ಹಡಗನ್ನು ಹುಡುಕುವುದು, ಜೊತೆಗೆ ಇಡೀ ಮಧ್ಯಪ್ರಾಚ್ಯದಲ್ಲಿ ಶಾಂತಿ ನೆಲೆಗೊಳಿಸುವುದು! ಒಬ್ಬನೇ ಒಬ್ಬ, ಒಂದು ಸೂಟ್‌ಕೇಸ್ ಹಿಡಿದುಕೊಂಡು.

ಆ ಹಡಗನ್ನೇ ತಗೊಳ್ಳಿ. 1955ರ ಸೆಪ್ಟೆಂಬರಿನಲ್ಲಿ ನಾಸೆರ್ ನಿಜವಾಗಿಯೂ ಜೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಶಸ್ತ್ರಾಸ್ತ್ರ ಕೊಳ್ಳುವ ಒಪ್ಪಂದ ಪ್ರಕಟಿಸಿದ್ದರು. ಪಶ್ಚಿಮದ ರಾಜಧಾನಿಗಳು ನಿದ್ದೆಗೆಟ್ಟಿದ್ದವು. ಹಾಸ್ಯ ಚಿತ್ರದವರು ಮನೆಪಾಠ ಸರಿಯಾಗಿ ಮಾಡಿದ್ದಾರೆ. ನಿಮ್ಮ ಬರಹಗಾರರು ಮಾಡಿಲ್ಲ ಎಂದರೆ ಬೇಜಾರು ಮಾಡ್ಕೋಬೇಡಿ.

ನಾಯಕನ ಹೆಸರು ಯೂಬೆರ್ ಬೋನಿಸರ್ ದ ಲಾ ಬಾತ್. ಪಾತ್ರ ಮಾಡಿದವರು ಜ್ಯಾನ್ ದುಜಾರ್ದಾ. ಒಳ್ಳೆ ಸೂಟು, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೇಲೇರುವ ಒಂದು ಹುಬ್ಬು, ಬಾಯ್ತುಂಬ ಹಲ್ಲು. ನಡಿಗೆಯಲ್ಲಿ ಹಳೆಯ ಶಾನ್ ಕಾನರಿಯ ಠೀವಿ. ತಲೆಯೊಳಗೆ ಮಾತ್ರ ಏನೂ ಇಲ್ಲ. ಹೊಡೆದಾಟ ಬರುತ್ತದೆ, ಹೆಂಗಸರನ್ನು ಮರುಳು ಮಾಡಲು ಬರುತ್ತದೆ, ಲೋಕಜ್ಞಾನ ಮಾತ್ರ ಸೊನ್ನೆ. ಸೂಯೆಜ್ ಕಾಲುವೆಯನ್ನು ನೋಡಿ ಅವನು ಬೆರಗಾಗುತ್ತಾನೆ. ನಾಲ್ಕು ಸಾವಿರ ವರ್ಷದ ಹಿಂದೆ ಇಂಥದ್ದನ್ನು ಕಟ್ಟಿದ ಪುರಾತನ ಈಜಿಪ್ಟಿನವರ ದೂರದೃಷ್ಟಿ ಎಂಥದ್ದು ಎಂದು ಹೊಗಳುತ್ತಾನೆ. ನಾನು ಸೋಫಾದಿಂದ ಬೀಳುವುದೊಂದು ಬಾಕಿ. ಆ ಕಾಲುವೆ ಸಂಚಾರಕ್ಕೆ ತೆರೆದದ್ದು 1869ರಲ್ಲಿ. 1955ಕ್ಕೆ ಲೆಕ್ಕ ಹಾಕಿದರೆ 86 ವರ್ಷ. ಅದನ್ನು ತೋಡಿಸಿದ ಕಂಪನಿ ಕಟ್ಟಿದ್ದು ಫರ್ಡಿನಾಂಡ್ ದ ಲೆಸೆಪ್ಸ್, ಫ್ರೆಂಚ್ ಮನುಷ್ಯ! ಅಂದರೆ ತನ್ನ ದೇಶ ಜಂಬ ಕೊಚ್ಚಿಕೊಳ್ಳುವ ಒಂದೇ ಒಂದು ಕೆಲಸವನ್ನೂ ಈ ಮಹಾಶಯ ಫೇರೋಗಳ ಖಾತೆಗೆ ಬರೆದುಬಿಡುತ್ತಾನೆ. ಮಣ್ಣು ಹೊತ್ತವರು ಈಜಿಪ್ಟಿನ ಬಡ ರೈತರು, ಅದೂ ಎಷ್ಟೋ ವರ್ಷ ಬಿಟ್ಟಿ ದುಡಿಮೆಯ ಕಟ್ಟಳೆಯಲ್ಲಿ ಅನ್ನುವುದು ಬೇರೆ ಮಾತು. ಈಗ ಹೇಳಿ, ಇದು ಈಜಿಪ್ಟಿನ ಗೇಲಿಯೋ, ಫ್ರಾನ್ಸಿನ ಗೇಲಿಯೋ?

ಇದಕ್ಕಿಂತ ನನಗೆ ಇಷ್ಟವಾದ ದೃಶ್ಯ ಇನ್ನೊಂದಿದೆ. ಯೂಬೆರ್ ಹೋದಲ್ಲೆಲ್ಲ ಬಕ್ಷೀಸು ಕೊಡುವ ಬದಲು ಜೇಬಿನಿಂದ ಒಂದು ಫೋಟೋ ತೆಗೆದು ಕೊಡುತ್ತಾನೆ. ಫ್ರಾನ್ಸಿನ ಅಧ್ಯಕ್ಷ ರೆನೆ ಕೋಟಿಯವರ ಭಾವಚಿತ್ರ! ಕೈರೋದ ಒಬ್ಬ ಕೆಲಸಗಾರನ ಕೈಗೆ ಅದನ್ನಿಟ್ಟು, ನಿಮಗೆ ನಾಸೆರ್ ಹೇಗೋ ನಮಗೆ ಇವರು ಹಾಗೆ, ದೊಡ್ಡ ಮನುಷ್ಯ, ಚರಿತ್ರೆಯಲ್ಲಿ ಉಳಿಯುತ್ತಾರೆ ಎನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಇವರಿಗೆ ಕೊಚಿನ್ ಚೀನಾದವರು, ಮಡಗಾಸ್ಕರಿನವರು, ಮೊರಾಕೋದವರು, ಸೆನೆಗಲ್‌ನವರು ಎಲ್ಲರೂ ಇಷ್ಟ, ಹಾಗಾಗಿ ನಿನಗೂ ಇವರು ಸ್ನೇಹಿತರೇ ಎಂದು ಧೈರ್ಯ ತುಂಬುತ್ತಾನೆ.

ಇತಿಹಾಸ ಓದಿದವರಿಗೆ ಈ ಪಟ್ಟಿ ಕೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಅದೆಲ್ಲ ಫ್ರಾನ್ಸ್ ಆಳಿದ ನಾಡುಗಳು. ಕೊಚಿನ್ ಚೀನಾ ಅಂದರೆ ವಿಯೆಟ್ನಾಮಿನ ದಕ್ಷಿಣ ಭಾಗ. 1954ರಲ್ಲಿ ದಿಯೆನ್ ಬಿಯೆನ್ ಫು ಕದನದಲ್ಲಿ ಸೋತ ಮೇಲೆ ಅಲ್ಲಿ ಫ್ರೆಂಚರ ಆಟ ಮುಗಿದಿತ್ತು. ಮೊರಾಕೋ 1956ರಲ್ಲಿ ಸ್ವತಂತ್ರವಾಯಿತು. ಮಡಗಾಸ್ಕರ್, ಸೆನೆಗಲ್ 1960ರಲ್ಲಿ. ಪಟ್ಟಿಯಲ್ಲಿ ಇರುವವರೆಲ್ಲ ಒಂದೋ ಎದ್ದು ಹೋದವರು, ಇಲ್ಲಾ ಹೊರಡಲು ಗಂಟುಮೂಟೆ ಕಟ್ಟಿದವರು. ಇವನಿಗೆ ಮಾತ್ರ ಎಲ್ಲರೂ ನಮ್ಮ ಮಕ್ಕಳು ಎಂಬ ನಂಬಿಕೆ. ಅಲ್ಜೀರಿಯಾದಲ್ಲಿ 1954ರ ನವೆಂಬರಿನಿಂದ ಫ್ರೆಂಚರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು, ಆ ಹೆಸರನ್ನು ಅವನು ಎತ್ತುವುದಿಲ್ಲ.

ಇನ್ನು ಆ ಫೋಟೋದಲ್ಲಿರುವ ಕೋಟಿಯವರು. ಪಾಪ, ಅವರೇನೂ ಕೆಟ್ಟವರಲ್ಲ. 1953ರ ಡಿಸೆಂಬರಿನಲ್ಲಿ ಫ್ರಾನ್ಸಿನ ಸಂಸದರು ಅಧ್ಯಕ್ಷರನ್ನು ಆರಿಸಲು ಕೂತರೆ ಸುತ್ತಿನ ಮೇಲೆ ಸುತ್ತು ಮತದಾನ ನಡೆದು, ಯಾರಿಗೂ ಬಹುಮತ ಬಾರದೆ, ಕೊನೆಗೆ 13ನೇ ಸುತ್ತಿನಲ್ಲಿ ಇವರು ಗೆದ್ದರು. ಆಗಿನ ಫ್ರಾನ್ಸಿನಲ್ಲಿ ಅಧ್ಯಕ್ಷರಿಗೆ ಅಧಿಕಾರವೂ ಅಷ್ಟಕ್ಕಷ್ಟೇ. 1958ರಲ್ಲಿ ಪರಿಸ್ಥಿತಿ ಕೈಮೀರಿದಾಗ ದ ಗಾಲ್ ಅವರನ್ನು ಕರೆದು ಸರ್ಕಾರ ರಚಿಸಿ ಎಂದವರು ಇವರೇ. 1959ರ ಜನವರಿಯಲ್ಲಿ ಖುರ್ಚಿಯನ್ನೂ ಬಿಟ್ಟುಕೊಟ್ಟರು. ಚರಿತ್ರೆಯಲ್ಲಿ ಉಳಿದದ್ದು ದ ಗಾಲ್. ಕೋಟಿಯವರನ್ನು ಎಷ್ಟೋ ಹೊಸ ಪ್ರೇಕ್ಷಕರು ನೆನೆಯುವುದಿದ್ದರೆ ಈ ಚಿತ್ರದ ಫೋಟೋದಿಂದಲೇ ಇರಬೇಕು.

ನಿಮ್ಮ ಬರಹಗಾರರಿಗೆ ಸಿಟ್ಟು ತರಿಸಿದ್ದು ಮಿನಾರಿನ ದೃಶ್ಯ. ಬೆಳಗಿನ ಜಾವ ಆಜಾನ್ ಕೇಳಿ ಯೂಬೆರ್‌ಗೆ ಎಚ್ಚರವಾಗುತ್ತದೆ. ಯಾರೋ ಸುಮ್ನೆ ಕೂಗುತ್ತಿದ್ದಾನೆ ಎಂದುಕೊಂಡು ಅಲ್ಲಿಗೇ ಹತ್ತಿ ಹೋಗಿ ಆ ಮನುಷ್ಯನನ್ನು ಬಡಿದು ಬಾಯಿ ಮುಚ್ಚಿಸುತ್ತಾನೆ. ನೋಡಲು ಮುಜುಗರ ಆಗುತ್ತದೆ, ಒಪ್ಪುತ್ತೇನೆ. ಆದರೆ ಚಿತ್ರ ನಮ್ಮನ್ನು ಯಾರ ಕಡೆ ನಿಲ್ಲಿಸುತ್ತದೆ ಅನ್ನುವುದು ಮುಖ್ಯ, ಅಲ್ವಾ? ಅವನ ಜೊತೆಗಾತಿ ಲಾರ್ಮಿನಾ ಇದ್ದಾಳೆ, ಬೆರೆನಿಸ್ ಬೆಜೊ ಮಾಡಿದ ಪಾತ್ರ. ಆಕೆ ಓದಿದವಳು, ತನ್ನ ದೇಶವನ್ನು ಬಲ್ಲವಳು. ಅವನು ಬಾಯಿ ಬಿಟ್ಟಾಗಲೆಲ್ಲ ಆಕೆಯ ಮುಖ ನೋಡಿ. ನಿಮ್ಮ ಧರ್ಮ ವಿಚಿತ್ರ, ಸ್ವಲ್ಪ ದಿನದಲ್ಲಿ ನಿಮಗೇ ಬೇಜಾರಾಗಿ ಬಿಟ್ಟುಬಿಡ್ತೀರಿ ಎಂಬರ್ಥದಲ್ಲಿ ಅವನು ಸಮಾಧಾನ ಹೇಳುವಾಗ ಬೆಜೊ ಮುಖದಲ್ಲಿ ಕಾಣುವುದು ಸಿಟ್ಟಿಗಿಂತ ಜಾಸ್ತಿ ಆಯಾಸ. ಇಂಥವರನ್ನು ಎಷ್ಟೋ ಕಂಡವಳ ಆಯಾಸ. ನಮ್ಮ ಕಣ್ಣು ಆಕೆಯ ಕಣ್ಣಿನ ಜೊತೆ ಹೋಗುತ್ತದೆ. ಚಿತ್ರದಲ್ಲಿ ಅವನ ಮಾತು ಸರಿ ಎಂದು ಒಪ್ಪುವವರು ಯಾರಾದರೂ ಇದ್ದರೆ ಅದು ಅವನೊಬ್ಬನೇ.

ಆಕ್ಷೇಪ ಮಾಡಲೇಬೇಕು ಅಂದಿದ್ದರೆ ಬೇರೆ ಕಾರಣಗಳಿದ್ದವು. ಕೈರೋ ಎಂದು ತೋರಿಸಿದ ಎಷ್ಟೋ ಜಾಗ ಮೊರಾಕೋದಲ್ಲಿ ಚಿತ್ರೀಕರಿಸಿದ್ದು. ಲಾರ್ಮಿನಾಳನ್ನು ಬಿಟ್ಟರೆ ಈಜಿಪ್ಟಿನ ಪಾತ್ರಗಳಿಗೆ ಬೆಳೆಯಲು ಜಾಗ ಕಡಿಮೆ. ಚಿತ್ರದಲ್ಲಿ ಬರುವ ಒಬ್ಬ ರಾಜಕುಮಾರಿಗೂ ಲಾರ್ಮಿನಾಗೂ ನಡೆಯುವ ಕಾಳಗವನ್ನು ಹಳೆಯ ಚಿತ್ರಗಳ ಚಪಲವನ್ನು ಅಣಕಿಸಲು ಇಟ್ಟಿರಬಹುದು, ಆದರೆ ಅಣಕ ಎಲ್ಲಿ ಮುಗಿದು ಚಪಲ ಎಲ್ಲಿ ಶುರುವಾಗುತ್ತದೋ ನನಗೆ ಗೊತ್ತಾಗಲಿಲ್ಲ. ಇದನ್ನೆಲ್ಲ ಬರೆದಿದ್ದರೆ ನಾನು ತೆಪ್ಪಗೆ ಪತ್ರಿಕೆ ಮಡಿಸಿಡುತ್ತಿದ್ದೆ.

‘ಅಗ್ಗದ’ ಎಂಬ ಮಾತಿಗೂ ಉತ್ತರ ಕೊಡಬೇಕು. ಹಿನ್ನೆಲೆಯಲ್ಲಿ ರಸ್ತೆ ಓಡುವ ಪರದೆ, ಅದರ ಮುಂದೆ ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸುವ ನಾಯಕ, ಮುಖದ ಮೇಲೆ ಬೀಳುವ ಗಟ್ಟಿ ಬೆಳಕು, ಮೊದಲ ಕೆಲವು ನಿಮಿಷ ಪೂರಾ ಕಪ್ಪು ಬಿಳುಪು. ಇದನ್ನೆಲ್ಲ ದುಡ್ಡಿಲ್ಲದೆ ಮಾಡಿದ್ದು ಎಂದು ಯಾರಾದರೂ ತಿಳಿದರೆ ಪಾಪ ಕ್ಯಾಮೆರಾಮನ್ ಗಿಯೋಮ್ ಶಿಫ್‌ಮನ್ ಎದೆ ಒಡೆದುಕೊಳ್ಳಬೇಕು. ಐವತ್ತು, ಅರವತ್ತರ ದಶಕದ ಚಿತ್ರ ಹೇಗೆ ಕಾಣುತ್ತಿತ್ತೋ ಹಾಗೇ ಕಾಣಿಸಲು ಪಟ್ಟ ಕಷ್ಟ ಅದು. ಇದೇ ನಿರ್ದೇಶಕ, ಇದೇ ಕ್ಯಾಮೆರಾಮನ್, ಇದೇ ದುಜಾರ್ದಾ, ಇದೇ ಬೆಜೊ ಮುಂದೆ 2011ರಲ್ಲಿ ‘ದಿ ಆರ್ಟಿಸ್ಟ್’ ಎಂಬ ಮೂಕಿ ಚಿತ್ರ ಮಾಡಿದರು. ಅದಕ್ಕೆ ಐದು ಆಸ್ಕರ್ ಬಂತು. ಶ್ರೇಷ್ಠ ನಟ ಆಸ್ಕರ್ ಗೆದ್ದ ಮೊದಲ ಫ್ರೆಂಚ್ ನಟ ದುಜಾರ್ದಾ. ಆ ಕೈಚಳಕದ ತಾಲೀಮು ನಡೆದದ್ದು ಈ ಕೈರೋ ಚಿತ್ರದಲ್ಲೇ. ಇದಕ್ಕೂ 2006ರ ಟೋಕಿಯೋ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಸಿಕ್ಕಿತ್ತು.

ಕೋಳಿಗಳ ಬಗ್ಗೆ ಹೇಳದೆ ಪತ್ರ ಮುಗಿಸಿದರೆ ನನ್ನ ಮೊಮ್ಮಗಳು ಬಿಡುವುದಿಲ್ಲ. ಗೂಢಚಾರನಿಗೆ ಹೊರಗೆ ತೋರಿಸಲು ಒಂದು ಉದ್ಯೋಗ ಬೇಕಲ್ಲ, ಯೂಬೆರ್‌ಗೆ ಸಿಕ್ಕಿದ್ದು ಕೋಳಿ ಸಾಕಣೆ ಕಂಪನಿಯ ಸಾಹೇಬನ ಪಟ್ಟ. ಲೈಟ್ ಹಾಕಿದರೆ ಕೋಳಿಗಳೆಲ್ಲ ಗದ್ದಲ ಎಬ್ಬಿಸುತ್ತವೆ, ಆರಿಸಿದರೆ ಗಪ್‌ಚುಪ್. ಇದು ಗೊತ್ತಾದದ್ದೇ ತಡ, ಲೋಕಶಾಂತಿಗೆ ಬಂದ ಮನುಷ್ಯ ಸ್ವಿಚ್ಚಿನ ಪಕ್ಕ ನಿಂತು ಬಿಡುತ್ತಾನೆ. ಹಾಕುತ್ತಾನೆ, ಆರಿಸುತ್ತಾನೆ. ಮತ್ತೆ ಹಾಕುತ್ತಾನೆ. ದುಜಾರ್ದಾ ಮುಖದಲ್ಲಿ ಆಗ ಉಕ್ಕುವ ಸಂತೋಷ ಇದೆಯಲ್ಲ, ಅದರಲ್ಲಿ ಒಂದಿಷ್ಟೂ ನಾಟಕ ಕಾಣುವುದಿಲ್ಲ. ನೋಡುವವರಿಗೆ ಕಣ್ಣು ಹೊಡೆದು, ನೋಡಿ ನಾನು ಪೆದ್ದನ ಪಾತ್ರ ಮಾಡ್ತಿದ್ದೀನಿ ಎಂದು ಒಮ್ಮೆಯೂ ಹೇಳುವುದಿಲ್ಲ. ಮುಂದೆ ಅದೇ ಕೋಳಿಗಳನ್ನು ಒಬ್ಬರ ಮೇಲೊಬ್ಬರು ಎಸೆದು ಹೊಡೆದಾಡುವುದೂ ಇದೆ, ಅಲ್ಲೂ ಎಲ್ಲರ ಮುಖ ಗಂಭೀರ. ನನ್ನ ಮಗ ಇದನ್ನು ಬರೀ ಪೋಕರಿ ಹಾಸ್ಯ ಅಂದ. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕದ್ದು.

ಈ ಸರಣಿಯಲ್ಲಿ ಇನ್ನೂ ಎರಡು ಚಿತ್ರಗಳಿವೆ. 2009ರದ್ದು 1967ರ ಬ್ರೆಜಿಲ್‌ನಲ್ಲಿ ನಡೆಯುತ್ತದೆ, ನಿರ್ದೇಶಕರು ಹಜನವಿಸಿಯುಸ್ ಅವರೇ. ಅಲ್ಲಿ ನಾಯಕನ ಅಜ್ಞಾನ ನಾತ್ಸಿ ಕಾಲದ ಫ್ರಾನ್ಸಿನ ಗುಟ್ಟುಗಳ ಹತ್ತಿರ ಹೋಗಿ ಮುಟ್ಟುತ್ತದೆ, ನಗು ಇನ್ನೂ ಖಾರ. 2021ರ ಮೂರನೆಯದನ್ನು ನಿಕೋಲಾ ಬೆದೋಸ್ ನಿರ್ದೇಶಿಸಿದ್ದಾರೆ. ಕತೆ 1981ರ ಆಫ್ರಿಕಾದ್ದು. ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ನಿಮ್ಮ ಸಿನಿಮಾ ಪುಟದವರು ಉಳಿದ ಎರಡರ ಬಗ್ಗೆಯೂ ಬರೆಯುವುದಿದ್ದರೆ ಚಿತ್ರವನ್ನು ಕೊನೆಯವರೆಗೆ ನೋಡಿಯೇ ಬರೆಯಲಿ. ಜೊತೆಗೆ ಕತೆ ನಡೆಯುವ ಇಸವಿಯನ್ನು ಮೊದಲ ಸಾಲಿನಲ್ಲೇ ಹಾಕಲಿ ಎಂದು ಕೋರುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು,
ನಿವೃತ್ತ ಇತಿಹಾಸ ಶಿಕ್ಷಕಿ